ಮುಂದಿನ ಗಾಲಿಯ ನಡುಕ

ಹೊಳೆಯಿಂದ ಎದ್ದ ಮಂಜು ಟ್ರಕ್ಕಿನ ಹೊಟ್ಟೆಯ ಕೆಳಗೆ ಬಂದು ಮಲಗಿತ್ತು. ಅದರ ಪಕ್ಕದಲ್ಲೇ ಕಲ್ಮೇಶಿಯೂ ಮಲಗಿದ್ದ.

ಅವನು ಹಾಗೆ ಟ್ರಕ್ಕಿನ ಕೆಳಗೆ ಕಳೆಯುತ್ತಿದ್ದ ಮೂರನೇ ಬೆಳಗು ಅದು.

ಹುಚ್ಚೀರಜ್ಜನ ಆಶ್ರಮವೆಂದರೆ ಹೊಳೆಯ ದಂಡೆಯ ಮೇಲೆ ಹೆಂಚು ಹೊದಿಸಿದ ನಾಲ್ಕು ಕೋಣೆ, ಒಂದು ಹುಣಸೆಮರ, ಮರದ ಕೆಳಗೆ ಈ ಟ್ರಕ್ಕು. ಅಜ್ಜ ಪಟ್ಟಕ್ಕೆ ಕೂತ ಸ್ವಾಮಿಯಲ್ಲ. ಇಪ್ಪತ್ತಾರು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ಗಾಡಿ ರಿಪೇರಿ ಮಾಡಿ, ಪೆನ್ಶನ್ ಆದ ಮೇಲೆ ಇಲ್ಲಿ ಬಂದು ನೆಲೆಸಿದವರು. ಬೆಳಿಗ್ಗೆ ಧ್ಯಾನ, ಬಿಸಿಲೇರಿದ ಮೇಲೆ ಪಾನಾ ಮತ್ತು ಸುತ್ತಿಗೆ. ಎರಡನ್ನೂ ಕಲಿಯಬೇಕೆಂದು ಎಷ್ಟೋ ಮಂದಿ ಬಂದು ಹೋದರು. ಉಳಿದವನು ಕಲ್ಮೇಶಿ ಒಬ್ಬನೇ. ಒಂಬತ್ತು ವರ್ಷ ಆಗಿತ್ತು.

ಟ್ರಕ್ಕು ಸೈನ್ಯದ ಹರಾಜಿನಲ್ಲಿ ಸಿಕ್ಕಿದ್ದು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಕಲ್ಲು, ಕೆಸರು, ಹರಿಯುವ ನೀರು, ಯಾವುದಕ್ಕೂ ಅದು ಹಿಂದೆಗೆಯುತ್ತಿರಲಿಲ್ಲ. ಪ್ರತಿ ಗುರುವಾರ ಅದು ನರ್ಸ್ ಮಾರ್ಥಾಬಾಯಿಯವರನ್ನೂ ಅವರ ಲಸಿಕೆಯ ಪೆಟ್ಟಿಗೆಯನ್ನೂ ಹೊತ್ತು ಹೊಳೆ ದಾಟಿ, ಗುಡ್ಡದ ಮೇಲಿನ ಐದು ಹಟ್ಟಿಗಳಿಗೆ ಹೋಗುತ್ತಿತ್ತು. ಬೇರೆ ಯಾವ ಗಾಡಿಯೂ ಆ ದಾರಿ ಹತ್ತುತ್ತಿರಲಿಲ್ಲ. ಟ್ರಕ್ಕು ಹೊಡೆಯುವವನು ಕಲ್ಮೇಶಿ.

ಹೋದ ಗುರುವಾರ ಗುಡ್ಡ ಇಳಿಯುವಾಗ ಮುಂದಿನ ಗಾಲಿ ಒಂದು ತಗ್ಗಿಗೆ ಬಿತ್ತು. ಮೇಲೆದ್ದಾಗ ನಡುಗುತ್ತಿತ್ತು.

ಮೊದಲು ಗಾಲಿ, ಆಮೇಲೆ ಸ್ಟೇರಿಂಗು, ಆಮೇಲೆ ಇಡೀ ಗಾಡಿ. ಹಿಡಿದಷ್ಟೂ ಸ್ಟೇರಿಂಗು ಒದ್ದಾಡಿತು. ಕಮರಿಯ ಅಂಚಿಗೆ ಒಂದು ಮಾರು ಉಳಿದಾಗ ಟ್ರಕ್ಕು ನಿಂತಿತು. ಹಿಂದೆ ಒಬ್ಬಳು ತುಂಬು ಬಸುರಿ ಇದ್ದಳು. ಮಾರ್ಥಾಬಾಯಿ ಅವಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರು. ತಮ್ಮನ್ನು ಹಿಡಿದುಕೊಳ್ಳಲು ಅವರಿಗೆ ಕೈ ಉಳಿದಿರಲಿಲ್ಲ. ಹಣೆ ಕಬ್ಬಿಣದ ಪಟ್ಟಿಗೆ ಬಡಿದು ಐದು ಹೊಲಿಗೆ ಬಿದ್ದವು.

ಅಜ್ಜ ಚಹಾದ ಲೋಟ ಹಿಡಿದು ಬಂದು ಟ್ರಕ್ಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಏನ್ ಸಿಕ್ಕತೋ?”

“ಟಾಯರ್ ರೀ ಅಜ್ಜಾರ. ಒಂದ ಕಡೆ ಸವದಾವು.”

“ಬದಲಿ ಮಾಡು.”

ಮಾಡಿದ. ಗಾಲಿಗಳ ತೂಕವನ್ನೂ ಸರಿಮಾಡಿಸಿ ತಂದ. ದಂಡೆಯ ದಾರಿಯಲ್ಲಿ ಒಬ್ಬನೇ ಓಡಿಸಿ ನೋಡಿದ. ವೇಗ ನಲವತ್ತು ಮುಟ್ಟಿ, ಗಾಲಿ ಒಂದು ಕಲ್ಲು ಹತ್ತಿ ಇಳಿದದ್ದೇ ತಡ, ಮತ್ತೆ ಅದೇ ನಡುಕ.

ಮರುದಿನ ಅವನು ಒಂದು ಡ್ಯಾಂಪರ್ ತಂದು ಕಟ್ಟಿದ. ಸ್ಟೇರಿಂಗಿನ ಸರಳು ಅತ್ತಿತ್ತ ಒದೆಯದಂತೆ ಅಡ್ಡ ಹಿಡಿಯುವ ಕೊಳವೆ ಅದು. ಓಡಿಸಿದ. ಕಲ್ಲು ಹತ್ತಿಸಿದ. ಗಾಡಿ ಸುಮ್ಮನೆ ಸಾಗಿತು.

ಓಡುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅಜ್ಜಾರ, ನಿಂತತ್ರಿ!”

ಅಜ್ಜ ಒಲೆಯ ಮುಂದೆ ಕೂತಿದ್ದರು. ನುಚ್ಚಿನ ಪಾತ್ರೆಯ ಮುಚ್ಚಳ ಕುದಿಗೆ ಟಕಟಕ ಕುಣಿಯುತ್ತಿತ್ತು. ಅವರು ಸೌಟಿನಿಂದ ಮುಚ್ಚಳವನ್ನು ಒತ್ತಿ ಹಿಡಿದರು. ಸದ್ದು ನಿಂತಿತು.

“ಕುದಿ ನಿಂತತೇನೋ?”

ಅಜ್ಜ ಸೌಟು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಂಚಿನಿಂದ ನೊರೆ ಉಕ್ಕಿ ಇಳಿದು ಅರ್ಧ ಒಲೆಯನ್ನು ಆರಿಸಿತು.

ಅವನು ಹೋಗಿ ಡ್ಯಾಂಪರ್ ಬಿಚ್ಚಿಟ್ಟ.

“ಜಾಕ್ ಮ್ಯಾಲೆ ಎತ್ತಿ ನೋಡೀನ್ರಿ,” ಎಂದ ಮಾರನೆಯ ದಿನ. “ಗಾಲಿ ಹಿಡದು ಎಡಬಲ ಅಲ್ಲಾಡಿಸೀನಿ. ಏನೂ ಸಿಗವಲ್ದು.”

“ಎತ್ತಿದ ಗಾಲಿ ಯಾರ ಭಾರಾನೂ ಹೊತ್ತಿರೂದಿಲ್ಲ,” ಎಂದರು ಅಜ್ಜ. “ಇಳಸು.”

ಇಳಿಸಿದ.

“ಎಂಜಿನ್ ಬ್ಯಾಡ. ಕೆಳಗ ಮಲಗು. ಕಣ್ಣ ಮುಚ್ಚು. ಒಂದೊಂದ ಕೀಲಿನ ಮ್ಯಾಲೆ ಕೈ ಇಟಗೊಂತ ಹೋಗು. ನಾ ಮ್ಯಾಲೆ ಕುಂತು ಸ್ಟೇರಿಂಗು ಅಲ್ಲಾಡಸ್ತೀನಿ.”

“ಕಣ್ಣ ಮುಚ್ಚಿದ್ರ ಏನ್ ಕಾಣತೈತ್ರಿ?”

“ಐದ ದಿನ ತಗದ ನೋಡೀಯಲ್ಲ.”

ಕಲ್ಮೇಶಿ ಕಣ್ಣು ಮುಚ್ಚಿದ.

ಮೇಲೆ ಅಜ್ಜ ಸ್ಟೇರಿಂಗನ್ನು ತೊಟ್ಟಿಲು ತೂಗುವಷ್ಟು ನಿಧಾನವಾಗಿ ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಮೊದಲ ಕೀಲು ಬಿಗಿಯಾಗಿತ್ತು. ಎರಡನೆಯದೂ ಬಿಗಿಯಾಗಿತ್ತು. ಕಬ್ಬಿಣ ತಣ್ಣಗಿತ್ತು. ಬೆನ್ನ ಕೆಳಗಿನ ಮಣ್ಣು ತಣ್ಣಗಿತ್ತು. ಹೊಳೆಯ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ತಾನು ಟ್ರಕ್ಕಿನ ಕೆಳಗಿದ್ದೇನೋ ನೀರಿನ ಕೆಳಗಿದ್ದೇನೋ ಅವನಿಗೆ ತಿಳಿಯದಾಯಿತು. ಇಡೀ ಟ್ರಕ್ಕು ತೇಲುವ ದೋಣಿಯಾಗಿ, ತಾನು ಅದರ ತಳವನ್ನು ತಡವುತ್ತ ಸಾಗಿದಂತಿತ್ತು.

ಬಲಗಾಲಿಯ ಹತ್ತಿರ ಅಚ್ಚಿನ ತುದಿಗೆ ಕೈ ಬಂತು. ಗಾಲಿ ಎಡಕ್ಕೂ ಬಲಕ್ಕೂ ಹೊರಳುವ ಜಾಗ ಅದು, ಕಿಂಗ್‌ಪಿನ್. ಅದರ ಮೇಲಿನ ಮುಚ್ಚಳದ ಮೇಲೆ ಬೆರಳಿಟ್ಟ.

ಟಿಕ್.

ಮಣಿಕಟ್ಟಿನ ನಾಡಿಯಷ್ಟು ಸಣ್ಣಗೆ. ಎಡಕ್ಕೆ ಹೋದಾಗ ಒಂದು ಟಿಕ್, ಬಲಕ್ಕೆ ಬಂದಾಗ ಒಂದು.

ಕಲ್ಮೇಶಿ ಕಣ್ಣು ತೆರೆದ. ಅವನಿಗೆ ಎಲ್ಲ ತಿಳಿದುಹೋಯಿತು.

ಮಳೆಗಾಲದಲ್ಲಿ ಅಜ್ಜ ಯಾತ್ರೆಗೆ ಹೋದಾಗ ಅವನು ಒಬ್ಬನೇ ಎರಡೂ ಗಾಲಿಯ ಆ ಮುಚ್ಚಳ ಬಿಚ್ಚಿದ್ದ. ಸ್ಟೇರಿಂಗು ಬಿರುಸು ಎನಿಸಿತ್ತು. ಮುಚ್ಚಳದ ಕೆಳಗೆ ಎರಡೆರಡು ತೆಳ್ಳನೆಯ ತಗಡು ಹೆಚ್ಚಿಗೆ ಇಟ್ಟು ಕೂರಿಸಿದ್ದ. ಹಿಡಿತ ಸಡಿಲಾಯಿತು. ಸ್ಟೇರಿಂಗು ಒಂದೇ ಬೆರಳಿಗೆ ತಿರುಗತೊಡಗಿತು. ಹಟ್ಟಿಯ ಗಂಡಸರು ಹತ್ತಿ ಕೂತು, ತಿರುಗಿಸಿ ನೋಡಿ, ‘ಅಬಬಾ, ಬೆಣ್ಣಿ, ಬೆಣ್ಣಿ’ ಎಂದಿದ್ದರು. ಅಜ್ಜ ಮರಳಿ ಬಂದಾಗ ಅವನು ಏನೂ ಹೇಳಿರಲಿಲ್ಲ.

“ಸಿಕ್ಕತೇನು?” ಮೇಲಿನಿಂದ ಅಜ್ಜನ ದನಿ.

ಕಲ್ಮೇಶಿ ಮುಚ್ಚಳದ ಮೇಲಿನ ಬೆರಳು ತೆಗೆದ.

“ಸಿಕ್ಕತ್ರಿ. ಟೈರಾಡ್ ಸರಳಿನ ತುದಿ ಸವದೈತಿ. ನಾಳೆ ಪ್ಯಾಟಿಗೆ ಹೋಗಿ ಹೊಸಾದು ತರಬೇಕ್ರಿ.”

ಅಜ್ಜ ಕಿಟಕಿಯಿಂದ ಬಗ್ಗಿ ಅವನ ಮುಖ ನೋಡಿದರು.

“ಹೋಗಿ ತಾ,” ಎಂದರು.

ಮರುದಿನ ಬೆಳಿಗ್ಗೆ ಕಲ್ಮೇಶಿ ಬಸ್ಸಿನ ದಾರಿ ಹಿಡಿದ. ಹೊಳೆ ದಾಟುವ ಹಾಯ್ಗಡದಲ್ಲಿ ಯಾರೋ ಮಂಜಿನೊಳಗಿಂದ ಬರುತ್ತಿದ್ದರು. ಹೆಗಲ ಮೇಲೆ ನೀಲಿ ಪೆಟ್ಟಿಗೆ, ಹಣೆಯ ಮೇಲೆ ಬಿಳಿ ಪಟ್ಟಿ. ಮಾರ್ಥಾಬಾಯಿ.

“ಬಾಯಾರ! ನಡಕೊಂತ ಎಲ್ಲಿಗ್ರಿ?”

“ಇವತ್ತ ಗುರುವಾರ ಅಲ್ಲೇನಪಾ.” ಅವರು ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. “ಐದೂ ಹಟ್ಟಿ ಆಗೂದಿಲ್ಲ. ಎರಡ ಮುಗಸ್ತೀನಿ. ಉಳದ ಕೂಸುಗಳು ಕಾಯಬೇಕು, ಏನ್ ಮಾಡೂದು.”

“ಬಾಯಾರ, ಅವತ್ತ...”

“ನಿಂದೇನ್ ತಪ್ಪೈತಿ ಅದರಾಗ? ದಾರೀನ ಅಂಥಾದ್ದು. ನೀ ಇದ್ದಿ ಅಂತ ಗಾಡಿ ನಿಂತತು. ಬ್ಯಾರೆಯವ ಆಗಿದ್ರ ಎಲ್ಲಾರೂ ಹೋಗೇ ಬಿಡತಿದ್ವಿ.” ಅವರು ನಕ್ಕರು. “ಆ ಬಸರಿ ಹಡದಳು, ಗೊತ್ತಾತಿಲ್ಲೊ? ಹೆಣ್ಣ ಕೂಸು. ನಿನ್ನ ಹೆಸರ ಇಡಾಕ ಬರೂದಿಲ್ಲಲ್ಲಾ ಅಂತ ಮರಗಾಕ ಹತ್ತ್ಯಾಳ.”

ಅವರು ಸೀರೆ ಮೇಲಕ್ಕೆ ಸಿಕ್ಕಿಸಿ ನೀರಿಗಿಳಿದರು. ಮಂಜು ಮೊದಲು ಅವರ ಕಾಲನ್ನು ತೆಗೆದುಕೊಂಡಿತು, ಆಮೇಲೆ ಸೊಂಟವನ್ನು, ಕೊನೆಗೆ ಪೆಟ್ಟಿಗೆಯನ್ನು. ನೀರಿನ ಸದ್ದು ಮಾತ್ರ ಉಳಿಯಿತು.

ಬಸ್ಸು ಬಂತು. ನಿಂತಿತು. ಹೋಯಿತು. ಕಲ್ಮೇಶಿ ಅದೇ ಜಾಗದಲ್ಲಿ ನಿಂತಿದ್ದ.

ಮರಳಿ ಬಂದಾಗ ಅಜ್ಜ ಹುಣಸೆಮರದ ಕೆಳಗೆ ಎಲೆ ಗುಡಿಸುತ್ತಿದ್ದರು.

“ಟೈರಾಡ್ ಅಲ್ರಿ ಅಜ್ಜಾರ.”

“ಮತ್ತ?”

“ನಾನ್ರಿ.”

ಎಲ್ಲವನ್ನೂ ಹೇಳಿದ. ತಗಡು ಇಟ್ಟದ್ದು, ಮುಚ್ಚಿಟ್ಟದ್ದು, ನಿನ್ನೆ ಸುಳ್ಳು ಹೇಳಿದ್ದು. ಅಜ್ಜ ಗುಡಿಸುವುದನ್ನು ನಿಲ್ಲಿಸಿ ಕೇಳಿದರು. ಬಯ್ಯಲಿಲ್ಲ.

“ಯಾಕ ಇಟ್ಟಿ ತಗಡು?”

“ಸ್ಟೇರಿಂಗು ಹಗರ ಆಗಲಿ ಅಂತ್ರಿ.”

“ಯಾರಿಗೆ?”

ಅಜ್ಜ ಮತ್ತೆ ಪೊರಕೆ ಎತ್ತಿಕೊಂಡರು.

“ಅಂಬಿಗರ ದುರ್ಗಪ್ಪನ ಮನಿಗೆ ಹೋಗು. ಮೀನ ತೂಗು ಸ್ಪ್ರಿಂಗ್ ತಕ್ಕಡಿ ಇಸಕೊಂಡ ಬಾ.”

ಗಾಲಿ ಕಳಚಿದರು. ಮುಚ್ಚಳ ಬಿಚ್ಚಿದರು. ಸಡಿಲಾದ ಜಾಗದಲ್ಲಿ ಬಡಿದೂ ಬಡಿದೂ ಬಲಗಡೆಯ ಬೇರಿಂಗಿನ ಮೈ ಸಿಡುಬಿನ ಕಲೆ ಬಿದ್ದಂತಾಗಿತ್ತು. ಅಜ್ಜ ತಮ್ಮ ಟ್ರಂಕಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಹೊಸದೊಂದನ್ನು ತಂದು ಕೊಟ್ಟರು. ಎರಡೂ ಗಾಲಿಗಳನ್ನು ಜೋಡಿಸುವ ಟೈರಾಡ್ ಸರಳನ್ನು ಬಿಡಿಸಿ ಬದಿಗಿಟ್ಟಾಗ ಆ ಕೀಲು ತಾನೊಂದೇ ಹೊರಳುವಂತಾಯಿತು. ಅದರ ತೋಳಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿದರು.

“ಎಳಿ. ಮುಳ್ಳು ನೋಡು.”

ಎಳೆದ. ಮುಳ್ಳು ಒಂದು ಕಿಲೋ ಮುಟ್ಟುವ ಮೊದಲೇ ಕೀಲು ಜಾರಿ ಹೊರಳಿತು.

“ಇದ ನಿನ್ನ ಬೆಣ್ಣಿ,” ಎಂದರು ಅಜ್ಜ. ಹಟ್ಟಿಯ ಮಾತು ಅವರ ಕಿವಿಗೂ ಬಿದ್ದಿತ್ತೆಂದು ಕಲ್ಮೇಶಿಗೆ ಆಗ ಗೊತ್ತಾಯಿತು. “ಒಂದ ತಗಡ ತಗಿ.”

ತೆಗೆದು ಬಿಗಿದ. ಮೂರು ಕಿಲೋ.

“ಇನ್ನೊಂದು.”

ಆರು ಕಿಲೋ. ಈ ಸಲ ಕೀಲು ನಿಧಾನವಾಗಿ, ಒಂದೇ ಹದದಲ್ಲಿ, ಗಂಭೀರವಾಗಿ ಹೊರಳಿತು.

“ಸಾಕು.”

“ಇನ್ನೊಂದ ತಗೀತೀನ್ರಿ ಅಜ್ಜಾರ. ಜನ್ಮದಾಗ ನಡಗಬಾರದು.”

ಅಜ್ಜ ಬೇಡವೆನ್ನಲಿಲ್ಲ. ಅವನು ಮೂರನೆಯದನ್ನೂ ತೆಗೆದು ಬಿಗಿದ. ಎಳೆದ. ಮುಳ್ಳು ಹತ್ತು ದಾಟಿತು, ಹನ್ನೆರಡು ದಾಟಿತು, ಕೀಲು ಅಲುಗಲಿಲ್ಲ. ಕಲ್ಮೇಶಿಯ ಹಣೆ ಬೆವರಿತು.

“ಗುಡ್ಡದ ತಿರುವಿನ್ಯಾಗ ಇದನ್ನ ತಿರುವಿ ಬರತೀಯೇನು?”

ಅವನು ತಕ್ಕಡಿಯ ಕೊಕ್ಕೆ ಬಿಡಿಸಿದ.

“ಹೊಗಳಿಕಿಗೆ ಸಡಲ ಬಿಟ್ಟಿ. ಹೆದರಿಕಿಗೆ ಬಿಗದಿ. ಕೀಲು ಏನ್ ಕೇಳತೈತಿ ಅಂತ ಕೇಳಲೇ ಇಲ್ಲ.”

ಕಲ್ಮೇಶಿ ಆ ಮೂರನೆಯ ತಗಡನ್ನು ಒರೆಸಿ ಮತ್ತೆ ಅದರ ಜಾಗದಲ್ಲಿ ಇಟ್ಟ. ಎಡಗಡೆಯ ಕೀಲನ್ನು ಅಜ್ಜ ಮುಟ್ಟಲಿಲ್ಲ. ಅದನ್ನು ಅವನೇ ಬಿಚ್ಚಿದ, ಅವನೇ ತೂಗಿದ. ಆರು ಕಿಲೋಕ್ಕೆ ಬಂದಾಗ ಯಾರೂ ಹೇಳದೆ ನಿಲ್ಲಿಸಿದ. ದಂಡೆಯ ದಾರಿಯಲ್ಲಿ ಒಬ್ಬನೇ ಹೋಗಿ ಅದೇ ಕಲ್ಲು ಹತ್ತಿಸಿದ. ಟ್ರಕ್ಕು ಒಮ್ಮೆ ತಲೆ ಕೊಡವಿ ಸುಮ್ಮನಾಯಿತು. ಏಳು ಸಲ ಹತ್ತಿಸಿದ. ಏಳು ಸಲವೂ ಸುಮ್ಮನಾಯಿತು.

ಮುಂದಿನ ಗುರುವಾರ ಮಾರ್ಥಾಬಾಯಿ ಬಂದರು. ಹಣೆಯ ಪಟ್ಟಿ ಹೋಗಿತ್ತು, ಕೆಂಪು ಗೆರೆ ಇತ್ತು.

“ಬಾಯಾರ, ಹತ್ತೂಕಿಂತ ಮದಲ ಒಂದ ಮಾತು,” ಎಂದ ಕಲ್ಮೇಶಿ. “ಅವತ್ತ ತಪ್ಪು ದಾರೀದಲ್ಲ. ನಂದು.”

ಹೇಳಿ ಮುಗಿಸಿದ. ಅವರು ನಗಲಿಲ್ಲ. ಕೈ ತಾನಾಗಿ ಹಣೆಯ ಗೆರೆಯ ಮೇಲೆ ಹೋಯಿತು.

“ದಾರ್‍ಯಾಗ ಸಿಕ್ಕಾಗ ಯಾಕ ಹೇಳಲಿಲ್ಲ?”

“ಹೆದರಿದ್ನಿರಿ.”

“ಇವತ್ತು?”

“ಇವತ್ತೂ ಹೆದರಿಕೀನ ಐತ್ರಿ.”

ಮಾರ್ಥಾಬಾಯಿ ಹೊಳೆಯ ಆಚೆಯ ಗುಡ್ಡವನ್ನು ನೋಡಿದರು. ಮಂಜು ಅದನ್ನು ಅರ್ಧ ಮಾತ್ರ ಬಿಟ್ಟುಕೊಟ್ಟಿತ್ತು. ಆಮೇಲೆ ಬಾಗಿಲು ತೆಗೆದು, ಹಿಂದೆ ಅಲ್ಲ, ಮುಂದೆ, ಅವನ ಪಕ್ಕದ ಸೀಟಿಗೆ ಹತ್ತಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ನಡಿ. ಪೆಟ್ಟಿಗ್ಯಾಗಿನ ಬರ್ಫ ಕರಗತೈತಿ.”

ಹೊಳೆ ದಾಟಿದರು. ಗುಡ್ಡ ಹತ್ತಿದರು. ಐದೂ ಹಟ್ಟಿ ಮುಗಿದವು. ಒಂದು ಹಟ್ಟಿಯಲ್ಲಿ ಹೆಸರಿಲ್ಲದ ಹೆಣ್ಣು ಕೂಸೊಂದು ಸೂಜಿ ಚುಚ್ಚಿಸಿಕೊಂಡು ಗುಡ್ಡವೆಲ್ಲ ಕೇಳುವಂತೆ ಅತ್ತಿತು. ಇಳಿಯುವಾಗ ಗಾಲಿ ಅದೇ ತಗ್ಗಿಗೆ ಬಿತ್ತು, ಎದ್ದಿತು, ದಾರಿ ಹಿಡಿದು ನಡೆಯಿತು. ಮಾರ್ಥಾಬಾಯಿ ಪೆಟ್ಟಿಗೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ಸಂಜೆ ಹೊಳೆಯ ಮೇಲೆ ಬಿಸಿಲು ಹಳದಿಯಾಗಿ ಹರಡಿದಾಗ ಕಲ್ಮೇಶಿ ಬಂದು ಟ್ರಕ್ಕಿನ ಚಾವಿಯನ್ನು ಅಜ್ಜನ ಮುಂದೆ ಇಟ್ಟ.

“ಗಾಡಿ ಒಂದಿಷ್ಟೂ ನಡಗಲಿಲ್ರಿ ಅಜ್ಜಾರ. ನನ್ನ ಕೈ ಮಾತ್ರ ಹೋಗಿ ಬರೂತನಕಾ ನಡಗಿದವು. ಈ ಚಾವಿ ಬ್ಯಾರೆ ಯಾರಿಗರೆ ಕೊಡ್ರಿ.”

ಅಜ್ಜ ಚಾವಿ ಎತ್ತಿಕೊಂಡರು. ಆಮೇಲೆ ಅವನ ಕೈ ಎಳೆದು, ಅಂಗೈಯಲ್ಲಿ ಚಾವಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ಮಳಗಾಲದಾಗ ನಿನ್ನ ಕೈ ಒಂದಿಷ್ಟೂ ನಡಗಲಿಲ್ಲಲ್ಲೋ ತಮ್ಮಾ. ಚಾವಿ ಆವಾಗ ಕಸಗೋಬೇಕಿತ್ತು ನಾನು.”