ಬೇಲಿಯೊಳಗಿನ ಮುದಿ ಜಿಂಕೆ

ಬೇಟೆ ಸಿಗದೆ ಹೊಟ್ಟೆ ಬೆನ್ನಿಗಂಟಿದ್ದ ಚಿರತೆಯೊಂದು ಕಾಡಂಚಿನಲ್ಲಿ ಜಿಂಕೆ ಸಾಕುವವರ ಬೇಲಿ ಮುರಿದಿರುವುದನ್ನು ಕಂಡು ಹಿಗ್ಗಿಹೋಯಿತು. ಒಳಗೆ ಜಿಂಕೆಗಳು ಹಿಂಡುಹಿಂಡಾಗಿ ಮಲಗಿದ್ದವು. ಚಿರತೆ ಕಾಲಿಟ್ಟಿತೋ ಇಲ್ಲವೋ, ಮುದಿ ಜಿಂಕೆಯೊಂದು ಎದ್ದು, ಓಡದೆ, ಎದುರಿಗೇ ಬಂದು ನಿಂತಿತು.

"ನಮ್ಮನ್ನು ಮುಟ್ಟಬೇಡಪ್ಪಾ. ಈ ಹಿಂಡಿಗೆ ರೋಗ ತಗುಲಿದೆ."

"ಜೀವ ಉಳಿಸಿಕೊಳ್ಳಲು ಒಳ್ಳೆಯ ನೆಪ!" ಎಂದು ಚಿರತೆ ಗುರುಗುಟ್ಟಿತು.

"ನನ್ನ ಜೀವ ಹೇಗೂ ಹೋಗುತ್ತದೆ. ಆದರೆ ನೀನು ಬೇಟೆಯನ್ನು ಮರಕ್ಕೆ ಎಳೆದೊಯ್ದು ತಿನ್ನುವವನು. ನನ್ನ ರಕ್ತ ಕೆಳಗಿನ ಹುಲ್ಲಿಗೆ ತೊಟ್ಟಿಕ್ಕುತ್ತದೆ. ಆ ಹುಲ್ಲನ್ನು ಕಾಡಿನ ಜಿಂಕೆಗಳು ಮೇಯುತ್ತವೆ."

"ಅವನ್ನೂ ತಿನ್ನುವವನು ನಾನೇ ಅಲ್ಲವೇ? ನೀನಂತೂ ಅವನ್ನು ಕಂಡೂ ಇಲ್ಲ."

"ಕಂಡಿಲ್ಲ, ನಿಜ. ನಾನು ಬೇಲಿಯೊಳಗೇ ಹುಟ್ಟಿದವಳು. ಆದರೆ ಅವು ನಿನ್ನೆದುರು ಓಡುವ ಸದ್ದು ಇಲ್ಲಿಗೂ ಕೇಳಿಸುತ್ತದೆ. ಆ ಓಟ ನಿಲ್ಲಬಾರದು."

ಎಷ್ಟೋ ಜಿಂಕೆಗಳ ಕತ್ತು ಹಿಡಿದಿದ್ದ ಚಿರತೆಯ ತಲೆ ತಾನಾಗಿ ತಗ್ಗಿತು. ಹಸಿದ ಹೊಟ್ಟೆಯಲ್ಲೇ ಅದು ಹೊರಬಂದು, ಬೇಲಿ ಮುರಿದ ಜಾಗದಲ್ಲಿ ಜಿಂಕೆಗಳಿಗೆ ಬೆನ್ನು ಹಾಕಿ ಕೂತಿತು. ಬೇಲಿ ಕಟ್ಟುವವರು ಬರುವವರೆಗೂ ಒಂದು ನರಿಯನ್ನೂ ಒಳಗೆ ಬಿಡಲಿಲ್ಲ.