ಬೋರವ್ವನ ಕೈಗೆ ಮೂವರು ಪಾಲುದಾರರು

ಓದುವ ಹಿರಿಯರಿಗೆ ನಮಸ್ಕಾರ. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ಅಕ್ಷರ ಸೊಟ್ಟ, ಮಾತು ಒರಟು, ಬೇಸರಿಸಬಾರದು. ನಮ್ಮ ಅತ್ತೆಯವರು ಹುರುಳಿ ಕೇರುತ್ತ ಹೇಳಿದ ಕಥೆಯನ್ನು ನೆನಪಿದ್ದಷ್ಟು ಬರೆದಿದ್ದೇನೆ.

ಏಳು ಗುಡ್ಡಗಳ ಆಚೆ ಬೇಟೆಗಾರರದೊಂದು ಹಟ್ಟಿ ಇತ್ತಂತೆ. ಅಲ್ಲಿ ಸಿರಿಯಕ್ಕ, ಬೋರವ್ವ ಎಂಬ ಇಬ್ಬರು ಓರಗಿತ್ತಿಯರಿದ್ದರಂತೆ. ಇಬ್ಬರೂ ಪುಂಡಿನಾರಿನಿಂದ ಹಂದಿಬಲೆ ಹೆಣೆಯುವವರು. ಕಿರಿಯವಳಾದ ಬೋರವ್ವ ಹಾಕಿದ ಗಂಟು ಆನೆ ಎಳೆದರೂ ಬಿಚ್ಚುತ್ತಿರಲಿಲ್ಲವಂತೆ. ಬೇಟೆಯ ದಿನ ಅವಳ ಬಲೆಯನ್ನು ಹಂದಿ ಬರುವ ಹಾದಿಗೆ ಕಟ್ಟಿದರೆ, ಸಿರಿಯಕ್ಕನ ಬಲೆಯನ್ನು ಅಂಚಿನ ಪೊದೆಗೆ ಕಟ್ಟುವರಂತೆ. "ಹಾದಿಗೆ ಬೋರವ್ವನ ಬಲೆಯೇ ಇರಲಿ" ಎನ್ನುತ್ತಿದ್ದವನು ಬೇರೆ ಯಾರೂ ಅಲ್ಲ, ಸಿರಿಯಕ್ಕನ ಗಂಡನೇ.

ಆ ಮಾತು ಸಿರಿಯಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಉಂಡರೆ ರುಚಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ. ಬೋರವ್ವ ನಕ್ಕರೆ, ತನ್ನನ್ನು ನೋಡಿಯೇ ನಕ್ಕಳೆಂದುಕೊಳ್ಳುವಳು. "ಅಕ್ಕಾ, ಗಂಟು ಸಡಿಲವಾಯಿತು, ಹೀಗೆ ಬಿಗಿ ನೋಡು" ಎಂದು ಅವಳು ಅಕ್ಕರೆಯಿಂದ ತೋರಿಸಿದರೆ ಮೈಯೆಲ್ಲ ಉರಿಯುವುದು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಅವಳಂತೆಯೇ ಹೆಣೆಯಲು ನೋಡಿದಳು. ಬೆರಳು ಕೊಯ್ದುಹೋದವೇ ಹೊರತು ಗಂಟು ನಿಲ್ಲಲಿಲ್ಲವಂತೆ.

ಕೊನೆಗೆ ತನ್ನ ತಮ್ಮ ಕಾಟಯ್ಯನನ್ನೂ ನೆರೆಮನೆಯ ಕೆಂಚಕ್ಕನನ್ನೂ ಕರೆದು, ಮುದ್ದೆ ಉಣ್ಣಿಸಿ ಹೇಳಿದಳಂತೆ:

"ಅವಳ ಪ್ರಾಣ ಬೇಡ. ಬಲಗೈ ಒಂದು ಸಾಕು."

"ಅವಳ ಹೊಗಳಿಕೆ ಕೇಳಿ ಕೇಳಿ ನನ್ನ ಕಿವಿಯೂ ತೂತು ಬಿದ್ದಿದೆ, ನಾನಿದ್ದೇನೆ" ಎಂದಳು ಕೆಂಚಕ್ಕ. ಕಾಟಯ್ಯ ಅಕ್ಕನ ಮಾತು ಮೀರುವವನಲ್ಲ.

ಮರುದಿನ ನಡುಮಧ್ಯಾಹ್ನ ಬೋರವ್ವ ಮನೆಯಲ್ಲಿ ಒಬ್ಬಳೇ ಇದ್ದಳು. ಕೆಂಚಕ್ಕ ಬಾಗಿಲಲ್ಲಿ ನಿಂತು, "ಬೋರವ್ವಾ, ಒಲೆ ಆರಿಹೋಯಿತು ಕಣೆ, ಒಂದಿಷ್ಟು ಕೆಂಡ ಕೊಡು" ಎಂದಳು. ನೆರೆಯವಳ ದನಿಯೆಂದು ಬೋರವ್ವ ಅಗುಳಿ ತೆಗೆದಳು. ಗೋಡೆಯ ಮರೆಯಲ್ಲಿದ್ದ ಕಾಟಯ್ಯ ಒಳನುಗ್ಗಿ, ಒನಕೆಯಿಂದ ಅವಳ ಬಲಗೈಗೆ ಹೊಡೆದ. ಮಣಿಕಟ್ಟು ಮುರಿಯಿತು.

ಅವಳ ಕೂಗಿಗೆ ಹಟ್ಟಿಯವರೆಲ್ಲ ಓಡಿಬಂದು ಕಾಟಯ್ಯನನ್ನು ಹಿಡಿದರು. ಅವನು ಉಳಿದಿಬ್ಬರ ಹೆಸರು ಬಾಯಿಬಿಟ್ಟ. ಮೂವರನ್ನೂ ದೊರೆಯ ಮುಂದೆ ನಿಲ್ಲಿಸಿದರಂತೆ.

"ದೊರೆಯೇ, ನಾನು ಕೆಂಡ ಕೇಳಿದೆ, ಅಷ್ಟೇ. ಕೆಂಡ ಕೇಳುವುದು ತಪ್ಪೇ?" ಎಂದಳು ಕೆಂಚಕ್ಕ.

"ನಾನು ಮನೆಯಲ್ಲಿ ರಾಗಿ ಬೀಸುತ್ತಿದ್ದೆ. ಕಲ್ಲಿನ ಸದ್ದು ಕೇರಿಗೇ ಕೇಳಿದೆ. ಬಾಯಿಮಾತಿಗೆ ಏನೋ ಅಂದಿರಬಹುದು. ಮಾತು ಎದ್ದು ಹೋಗಿ ಮೂಳೆ ಮುರಿಯಿತೇ?" ಎಂದಳು ಸಿರಿಯಕ್ಕ.

ದೊರೆ ತಲೆದೂಗಿ, "ಹೊಡೆದವನೊಬ್ಬನಿಗೇ ಶಿಕ್ಷೆ" ಎನ್ನುವಷ್ಟರಲ್ಲಿ ಬೋರವ್ವ ಮುರಿದ ಕೈಯನ್ನು ಎದೆಗೊತ್ತಿಕೊಂಡು ಮುಂದೆ ಬಂದಳು.

"ಅಕ್ಕಾ, ಹೋದ ಬೇಟೆಗೆ ನೀನು ಕಾಡಿಗೇ ಬರಲಿಲ್ಲ. ಹಂದಿಯ ಪಾಲು ಹೇಗೆ ತೆಗೆದುಕೊಂಡೆ?"

"ನನ್ನ ಬಲೆ ಹೋಗಿತ್ತಲ್ಲ! ಬಲೆ ಕೊಟ್ಟವರು ಮನೆಯಲ್ಲಿದ್ದರೂ ಪಾಲುಂಟು. ಅದು ಹಟ್ಟಿಯ ಕಟ್ಟಳೆ."

"ನೀನು, ಕೆಂಚಕ್ಕಾ?"

"ಪೊದೆಯ ಹಿಂದೆ ಕೂಗಿ ಹಂದಿ ಎಬ್ಬಿಸಿದವಳು ನಾನು. ಓಡಿದ ನಾಯಿಗೂ ಪಾಲಿರುವಾಗ ನನಗಿಲ್ಲವೇನೇ?"

"ಈಟಿ ಎಸೆದವನು ಕಾಟಯ್ಯ ಒಬ್ಬನೇ. ಆದರೂ ಮೂವರೂ ಪಾಲು ಉಂಡಿರಿ. ಇದೂ ಬೇಟೆಯೇ ಅಲ್ಲವೇ? ಒಬ್ಬಳು ಬಲೆ ಒಡ್ಡಿದಳು, ಒಬ್ಬಳು ಕೂಗಿ ಎಬ್ಬಿಸಿದಳು, ಒಬ್ಬ ಹೊಡೆದ."

ಸಿರಿಯಕ್ಕ ಆಗಲೂ ಸೋಲಲಿಲ್ಲ.

"ಹಾಗಾದರೆ ಶಿಕ್ಷೆಯನ್ನೂ ಮೂರು ಪಾಲು ಮಾಡಲಿ. ನನಗೊಂದು ಪಾಲು ಸಾಕು."

"ಮಾಂಸ ಹಂಚಿದರೆ ಒಬ್ಬೊಬ್ಬರಿಗೆ ಕಡಿಮೆಯಾಗುತ್ತದೆ, ಅಕ್ಕಾ. ನೀವು ಮೂವರಿದ್ದಿರೆಂದು ನನ್ನ ಕೈ ಮೂರರಲ್ಲೊಂದು ಪಾಲು ಮಾತ್ರ ಮುರಿಯಿತೇ?"

ಆಗ ದೊರೆ ಹನ್ನೆರಡು ವರ್ಷ ಹಟ್ಟಿಯ ಹೊರಗಿರುವಂತೆ ತೀರ್ಪು ಕೊಟ್ಟನಂತೆ. ತಲೆಗೆ ನಾಲ್ಕು ನಾಲ್ಕಲ್ಲ. ಮೂವರಿಗೂ ಹನ್ನೆರಡು ಹನ್ನೆರಡು.

ಬೋರವ್ವನ ಕೈ ನೆಟ್ಟಗಾಗಲಿಲ್ಲ. ಅವಳು ಬಾಯಲ್ಲಿ ಹೇಳಿ ಹೇಳಿ ಹಟ್ಟಿಯ ಹೆಣ್ಣುಮಕ್ಕಳಿಗೆಲ್ಲ ತನ್ನ ಗಂಟು ಕಲಿಸಿದಳಂತೆ. ಗುಡ್ಡದ ಮೇಲಿಂದ ಸಿರಿಯಕ್ಕ ನೋಡಿದರೆ, ಪ್ರತಿ ಮನೆಯ ಜಗಲಿಯಲ್ಲೂ ಒಬ್ಬೊಬ್ಬಳು ಬಲೆ ಹೆಣೆಯುತ್ತಿದ್ದಳು. ಮೊದಲು ಒಬ್ಬಳನ್ನು ಕಂಡು ಉರಿಯುತ್ತಿದ್ದವಳು, ಆಮೇಲೆ ಹಟ್ಟಿಯಷ್ಟು ಜನರನ್ನು ಕಂಡು ಉರಿದಳಂತೆ.

ಅವಳು ಗುಡ್ಡದ ಮೇಲೆ, ನಾವು ನಮ್ಮ ಒಲೆಯ ಮುಂದೆ, ಕಥೆ ಇಲ್ಲಿಗಾಯಿತು.

ಬರೆದುದರಲ್ಲಿ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿರಿ.