ಬಿಸಿ ಬ್ರೆಡ್ಡು ಚಿಟ್ ಚಿಟ್ ಎನ್ನುವುದೇಕೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಆಗ ಯಾವುದಕ್ಕೂ ಶಿಸ್ತಿರಲಿಲ್ಲ. ಹೊಳೆ ಬೆಳಿಗ್ಗೆ ಪೂರ್ವಕ್ಕೆ ಹರಿಯುತ್ತಿತ್ತು. ಮಧ್ಯಾಹ್ನ ಮನಸ್ಸು ಬದಲಿಸಿ ಪಶ್ಚಿಮಕ್ಕೆ ತಿರುಗುತ್ತಿತ್ತು. ತಾನು ಏಳಬೇಕಾದ ಹೊತ್ತು ಯಾವುದೆಂದು ಸೂರ್ಯನಿಗೇ ತಿಳಿದಿರಲಿಲ್ಲ. ಬೆಟ್ಟಗಳು ಸಹ ಇದ್ದಲ್ಲಿ ಇರುತ್ತಿರಲಿಲ್ಲ.

ಅಂಥ ಲೋಕದಲ್ಲಿ ಕ್ರಮವೆಂಬುದು ಇದ್ದದ್ದು ಒಂದೇ ಮನೆಯಲ್ಲಿ. ಅದು ಹಾಲವ್ವನ ಮನೆ. ಅಲ್ಲಿ ಕಸ ಮೊದಲು, ನೀರು ಆಮೇಲೆ, ಒಲೆ ಅದರ ನಂತರ. ಆ ಮನೆಯ ಮುಂದೆ ಬಂದಾಗ ಗಾಳಿಯೂ ಮೆಲ್ಲಗೆ ಬೀಸುತ್ತಿತ್ತು. ಬೀಸದಿದ್ದರೆ ಬೈಸಿಕೊಳ್ಳುತ್ತಿತ್ತು.

ಹಾಲವ್ವನ ಜೊತೆಯಲ್ಲಿ ಅವಳ ತಾಯಿ ಸಂಕವ್ವ ಇದ್ದಳು. ಸಂಕವ್ವನಿಗೆ ವಯಸ್ಸಾಗಿತ್ತು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಆ ಕಾಲದ ರೊಟ್ಟಿಯೋ, ಚಪ್ಪಡಿಯಂತೆ ಗಟ್ಟಿ.

"ಇದು ರೊಟ್ಟಿಯೇನೇ? ಬಾಗಿಲಿಗೆ ಒತ್ತಾಗಿ ಇಡೋ ಕಲ್ಲು!" ಎಂದು ಸಂಕವ್ವ ತಟ್ಟೆಯನ್ನು ದೂಡಿದಳು.

"ಗಂಜಿ ತರಲೇನವ್ವ?"

"ತಿಂಗಳಿಂದ ಗಂಜಿ. ಇನ್ನೊಂದು ಬಟ್ಟಲು ತಂದು ನೋಡು, ನಿನ್ನ ನೆತ್ತಿಗೇ ಸುರೀತೀನಿ. ಕೈಯಲ್ಲಿ ಹಿಡಿದು ತಿನ್ನೋ ಅಂಥದ್ದು ಬೇಕು ಕಣೇ ನನಗೆ."

ಸಂಕವ್ವ ದಿನದಿನಕ್ಕೆ ಇಳಿದುಹೋದಳು. ಮುಂಗೈಯ ಬಳೆ ಮೊಣಕೈಯವರೆಗೆ ಜಾರತೊಡಗಿತು. ಹಾಲವ್ವ ಅದನ್ನು ನೋಡಿದಳು. ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸಿದಳು.

ಒಂದು ಚಳಿಯ ಮುಂಜಾನೆ ಹೊಸ್ತಿಲ ಹೊರಗೆ ಧೂಳು ಮಾತನಾಡಿತು.

"ಅಕ್ಕಾ, ಚಳಿ! ಒಳಗೆ ಬರಬಹುದಾ?"

"ಯಾರು ನೀವು? ಸಾಲಾಗಿ ನಿಂತು ಮಾತಾಡಿ."

"ಹುದುಗುಮರಿಗಳು. ಅತ್ತಿಹಣ್ಣಿನ ಸಿಪ್ಪೆಯ ಮೇಲಿದ್ವಿ. ಹಣ್ಣೆಲ್ಲ ಉದುರಿಹೋಯ್ತು."

ಇಂದು ನಾವು ಅಂಗಡಿಯಲ್ಲಿ ಯೀಸ್ಟ್ ಎಂದು ಕೇಳಿ ತರುತ್ತೇವಲ್ಲ, ಅವೇ ಇವು.

"ಕಾಲು ತೊಳೆದು ಬನ್ನಿ."

"ನಮಗೆ ಕಾಲೇ ಇಲ್ಲವಲ್ಲ ಅಕ್ಕಾ!"

ಕಾಲಿಲ್ಲದವರಿಗೆ ಹಾಲವ್ವನಲ್ಲಿ ನಿಯಮವಿರಲಿಲ್ಲ. ಹಿಟ್ಟು ಕಲಸಲು ಕಾಯಿಸಿದ ನೀರು ಪಕ್ಕದಲ್ಲಿತ್ತು. ಉಗುರುಬೆಚ್ಚಗಿನ ನೀರು, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಇದರಲ್ಲಿ ಇಳಿಯಿರಿ. ಬೆಚ್ಚಗಾದ ಮೇಲೆ ಹಿಟ್ಟಿನೊಳಗೆ ಮಲಗಿ. ಗಲಾಟೆ ಮಾಡಿದರೆ ಎತ್ತಿ ಹೊರಗೆ ಹಾಕುತ್ತೇನೆ."

ಮೂರು ಸಲ ಜರಡಿ ಹಿಡಿದ ಬಿಳಿಯ ಗೋಧಿಹಿಟ್ಟು. ಅದಕ್ಕೆ ಆ ನೀರು. ಕೊನೆಗೆ ಉಪ್ಪು. ಹಾಲವ್ವ ಹಿಟ್ಟನ್ನು ನಾದಿದಳು. ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿದಳು. ಒದ್ದೆ ಬಟ್ಟೆ ಮುಚ್ಚಿ ಒಲೆಯ ಬದಿಗಿಟ್ಟಳು.

ಮರಿಗಳು ಹಿಟ್ಟಿನಲ್ಲಿ ಹುದುಗಿ ಕುಳಿತವು. ಹಿಟ್ಟಿನೊಳಗಿನ ಸಿಹಿಯನ್ನು ತಿಂದವು. ಹೊಟ್ಟೆ ತುಂಬಿತು, ಉಸಿರು ಬಿಟ್ಟವು. ಒಂದೊಂದು ಉಸಿರಿಗೆ ಒಂದೊಂದು ಪುಟ್ಟ ಕೋಣೆ ಎದ್ದಿತು. ಕೋಣೆಯ ಮೇಲೆ ಕೋಣೆ, ಕೋಣೆಯ ಪಕ್ಕ ಕೋಣೆ.

ಹಾಲವ್ವ ಬಂದು ನೋಡಿದಾಗ ಒದ್ದೆ ಬಟ್ಟೆ ಗೋಪುರದಂತೆ ಎದ್ದು ನಿಂತಿತ್ತು.

"ಅವ್ವಾ! ಹಿಟ್ಟಿಗೆ ಹೊಟ್ಟೆಯುಬ್ಬರ!"

"ಬಸುರಿಯನ್ನು ಗದರಿಸಬಾರದು ಕಣೇ," ಎಂದು ಸಂಕವ್ವ ಮಲಗಿದಲ್ಲಿಂದಲೇ ನಕ್ಕಳು. "ಸುಮ್ಮನೆ ಒಲೆಗಿಡು."

ಹಾಲವ್ವ ಹಿಟ್ಟನ್ನು ಒಮ್ಮೆ ಅದುಮಿ ಉಂಡೆ ಮಾಡಿದಳು. ಅದು ಮತ್ತೆ ಉಬ್ಬಿತು. ಬಾಗಿಲಿಲ್ಲದ ಮನೆಯನ್ನು ಅವಳು ಒಪ್ಪುವವಳಲ್ಲ. ಚಾಕುವಿನಿಂದ ನೆತ್ತಿಯ ಮೇಲೆ ಒಂದು ಸೀಳು ಹಾಕಿದಳು. ಮಣ್ಣಿನ ಗೂಡೊಲೆಯೊಳಗೆ ಇಟ್ಟಳು.

"ಹೊರಗಿನದು ನನ್ನ ಪಾಲು," ಎಂದಿತು ಬೆಂಕಿ.

"ಒಳಗಿನದು ನಮ್ಮದು," ಎಂದವು ಮರಿಗಳು.

ಹಾಗೆಯೇ ಆಯಿತು. ಹೊರಗೆ ಕೆಂಪಗೆ, ಗರಿಗರಿಯಾದ ತೊಗಟೆ. ಒಳಗೆ ಬೆಳ್ಳಗೆ, ಹತ್ತಿಯಂಥ ತಿರುಳು. ಲೋಕದ ಮೊದಲ ಬ್ರೆಡ್ಡು ಅದು.

ಸಂಕವ್ವ ತಿರುಳನ್ನು ಕಿತ್ತು ತಿಂದಳು. ತೊಗಟೆಯನ್ನು ಬಿಸಿಹಾಲಿನಲ್ಲಿ ಅದ್ದಿ ಚೀಪಿದಳು. ಒಂದು ತುಂಡು. ಇನ್ನೊಂದು. ಮೂರನೆಯದನ್ನು ಕೇಳಿ ತಿಂದಳು. ಹಾಲವ್ವ ಎದುರಿಗೆ ಕುಳಿತು ತಾಯಿಯ ಬಾಯನ್ನೇ ನೋಡಿದಳು. ಬೇರೆ ಯಾವುದನ್ನೂ ನೋಡಲಿಲ್ಲ.

ತಪ್ಪು ನಡೆದದ್ದು ಆಗಲೇ.

"ಹೊಳೆಯಾಚೆ ದ್ರಾಕ್ಷಿ ಕಪ್ಪಾಗಿದೆಯಂತೆ!" ಎಂದು ಒಂದು ಮರಿ ಕೂಗಿತು. ಎಲ್ಲವೂ ಸೀಳಿನಿಂದ ಹೊರಕ್ಕೆ ನೆಗೆದವು. ಮನೆಯ ಹೊಸ್ತಿಲ ಮೇಲೆ ನಿಂತು ಒಕ್ಕೊರಲಿನಿಂದ ಕಿರುಚಿದವು: "ನಾವು ಹೋಗ್ತೀವಿ!"

ಗಾಳಿ ಬೆಚ್ಚಿತು. "ಅಯ್ಯೋ, ಹೋಗ್ತೀವಿ ಅಂದುಬಿಟ್ರಲ್ಲೇ!"

ಆ ಕಾಲದಲ್ಲಿ ಹೊಸ್ತಿಲ ಮೇಲೆ ಆಡಿದ ಮಾತು ಆಡಿದಂತೆಯೇ ನಡೆಯುತ್ತಿತ್ತು. ಹೋಗುತ್ತೇನೆ ಎಂದವರು ಹೋದರು, ಅಷ್ಟೇ.

ಮರುದಿನ ಹಿಟ್ಟು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಒಲೆಯಿಂದ ಬಂದದ್ದು ಚಪ್ಪಡಿ. ಸಂಕವ್ವ ತಟ್ಟೆಯನ್ನು ದೂಡಲೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಹಾಲವ್ವ ಹೊಳೆ ದಾಟಿ ದ್ರಾಕ್ಷಿಬಳ್ಳಿಯ ಕೆಳಗೆ ನಿಂತಳು.

"ಇಳಿಯಿರಿ. ಅವ್ವ ಉಪವಾಸ ಬಿದ್ದಿದ್ದಾಳೆ."

"ಬಂದಿದ್ವಿ ಅಕ್ಕಾ," ಮರಿಗಳು ಅತ್ತವು. "ದಿನಾ ಹೊಸ್ತಿಲವರೆಗೂ ಬಂದ್ವಿ. ಒಳಗೆ ಕಾಲಿಡೋಕೆ ಆಗ್ತಿಲ್ಲ."

"ಕಾಲೇ ಇಲ್ಲ ಎಂದಿರಿ! ಇರಲಿ. ಹೊರಡುವಾಗ ಹೋಗುತ್ತೇನೆ ಎನ್ನಬಾರದೆಂದು ನಿಮಗೆ ಯಾರೂ ಹೇಳಿಕೊಡಲಿಲ್ಲವೇ?"

"ನೀವೇ ಹೇಳಿಕೊಡಲಿಲ್ಲವಲ್ಲ ಅಕ್ಕಾ."

ಲೋಕವನ್ನೆಲ್ಲ ತಿದ್ದುತ್ತಿದ್ದ ಹಾಲವ್ವ ತನ್ನ ಹೊಸ್ತಿಲಿನಲ್ಲಿ ತಿದ್ದಬೇಕಾದದ್ದನ್ನು ಬಿಟ್ಟಿದ್ದಳು. ತಲೆ ತಗ್ಗಿಸಿ ಹಿಂದಿರುಗಿದಳು. ಆ ಮರಿಗಳು ಇಂದಿಗೂ ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿಯಂಥ ಬಿಳುಪಾಗಿ ಕುಳಿತಿವೆ.

ಮನೆಗೆ ಬಂದವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ಅವಳು ಪಾತ್ರೆ ತಿಕ್ಕುತ್ತಿದ್ದಳು. ಮೊದಲ ದಿನ ಹಿಟ್ಟು ಕಲಸಿದ ಬಾನೆಯನ್ನು ತೆಗೆದುಕೊಂಡಳು. ಅದರ ಕಂಠದ ಒಳಮಗ್ಗುಲಿನಲ್ಲಿ ಉಗುರಿನಷ್ಟು ಒಣಹಿಟ್ಟು ಅಂಟಿತ್ತು. ಹಾಲವ್ವನ ಮನೆಯಲ್ಲಿ ತೊಳೆಯದ ಪಾತ್ರೆ! ಅವಳ ಮುಖ ಕೆಂಪಾಯಿತು. ತಿಕ್ಕಲು ತೆಂಗಿನ ನಾರನ್ನು ಎತ್ತಿದಳು.

"ತಿಕ್ಕಬೇಡಿ ಅಕ್ಕಾ," ಎಂದಿತು ಒಂದು ಸಣ್ಣ ದನಿ. "ನಿದ್ದೆ ಬಂದುಬಿಟ್ಟಿತ್ತು. ಎಲ್ರೂ ಎಲ್ಲಿ?"

ಹಾಲವ್ವನ ಕೈ ನಿಂತಿತು. "ನೀನು ಹೋಗ್ತೀನಿ ಎಂದೆಯಾ?"

"ಎದ್ದೇ ಇಲ್ಲ. ಇನ್ನೆಲ್ಲಿ ಅನ್ನಲಿ?"

ಹಾಲವ್ವ ನೀರು ಕಾಯಿಸಿದಳು. ಉಗುರುಬೆಚ್ಚಗೆ. ಒಣಹಿಟ್ಟನ್ನು ಅದರಲ್ಲಿ ಕದಡಿ, ಒಂದು ಹಿಡಿ ಹೊಸ ಹಿಟ್ಟು ಹಾಕಿ ಮುಚ್ಚಿದಳು. ಒಂದು ಮರಿ ಎರಡಾಯಿತು. ಎರಡು ನಾಲ್ಕಾದವು. ಬೆಳಗಾಗುವುದರಲ್ಲಿ ಬಾನೆಯ ತುಂಬ ಗುಸುಗುಸು.

ಹಿಟ್ಟು ನಾದಿದ್ದಾಯಿತು. ಉಬ್ಬಿದ್ದಾಯಿತು. ಒಲೆಗಿಡುವ ಮೊದಲು ಹಾಲವ್ವ ಬಟ್ಟೆ ಸರಿಸಿ ಪಾಠ ಹೇಳಿದಳು.

"ಸೀಳಿನ ಬಾಗಿಲೇ ನಿಮಗೆ ಹೊಸ್ತಿಲು. ಅದನ್ನು ದಾಟುವಾಗ ಏನನ್ನಬೇಕು?"

"ಹೋಗ್ತೀವಿ!"

"ಬಾಯಿ ಮುಚ್ಚಿ. ಬರ್ತೀನಿ ಎನ್ನಬೇಕು."

"ಹೋಗೋವಾಗ ಬರ್ತೀನಿ ಅನ್ನೋದಾ? ಸುಳ್ಳಾಗಲ್ವಾ ಅಕ್ಕಾ?"

"ಸುಳ್ಳಲ್ಲ. ಅದು ಕೊಟ್ಟ ಮಾತು. ಗುಂಪಿನಲ್ಲಿ ಅರಚಕೂಡದು. ಒಬ್ಬೊಬ್ಬರಾಗಿ ಹೇಳಬೇಕು, ನನಗೆ ಕೇಳಿಸುವಂತೆ."

ಬ್ರೆಡ್ಡು ಬೆಂದಿತು. ಹಾಲವ್ವ ಅದನ್ನು ತೆಗೆದು ಬಿದಿರಿನ ತಟ್ಟಿಯ ಮೇಲಿಟ್ಟಳು. ವಾಸನೆಗೆ ಸಂಕವ್ವ ಗೋಡೆಯಿಂದ ಈಚೆ ತಿರುಗಿದಳು. ಎದ್ದು ಕುಳಿತು ಕೈ ಚಾಚಿದಳು.

"ತಡಿಯವ್ವ," ಎಂದಳು ಹಾಲವ್ವ.

"ಹಸಿದ ಮುದುಕಿಯನ್ನು ತಡೀತೀಯೇನೇ, ಪಾಪಿ?"

"ಒಂದು ಗಳಿಗೆ. ಕೇಳಿಸಿಕೊಳ್ಳಬೇಕು."

ಬ್ರೆಡ್ಡು ಸುಮ್ಮನಿತ್ತು. ಬೆಂಕಿ ಸದ್ದು ನಿಲ್ಲಿಸಿತು. ಗಾಳಿ ಕಿಟಕಿಯಲ್ಲಿ ನಿಂತುಬಿಟ್ಟಿತು. ಹಾಲವ್ವ ತೊಗಟೆಗೆ ಕಿವಿ ತಂದಳು. ಏನೂ ಇಲ್ಲ. ಇನ್ನೂ ಏನೂ ಇಲ್ಲ.

ಚಿಟ್.

ಬರ್ತೀನಿ.

ಚಿಟ್. ಚಿಟ್. ಪಟ್.

ಬರ್ತೀನಿ, ಬರ್ತೀನಿ, ಬರ್ತೀನಕ್ಕಾ.

ಒಲೆಯ ಮುಂದೆ ಕೆಲಸ ಬಾಕಿಯಿರುವಾಗ ಎಂದೂ ಕೂರದವಳು ನೆಲದ ಮೇಲೆ ಕುಸಿದು ಕುಳಿತಳು. ಒಂದೊಂದು ಚಿಟ್ ಎಂಬ ಸದ್ದಿಗೂ ಅವಳು ಉತ್ತರ ಕೊಟ್ಟಳು: "ಹ್ಞೂಂ, ಬಾ. ಹ್ಞೂಂ, ಬಾ." ಸಂಕವ್ವ ಬೊಚ್ಚುಬಾಯಿ ತೆರೆದು ನಕ್ಕಳು. ತಾನೂ ಸೇರಿಕೊಂಡಳು: "ಬನ್ರೋ, ನಾಳೆ ಬೇಗ ಬನ್ರೋ!"

ಸದ್ದೆಲ್ಲ ಅಡಗಿದ ಎಷ್ಟೋ ಹೊತ್ತಿನ ಮೇಲೆ, ನಿದ್ದೆಗಣ್ಣಿನದೊಂದು ಕಡೆಯ ಚಿಟ್ ಕೇಳಿಸಿತು. ಆಗ ಹಾಲವ್ವ ಚಾಕು ಎತ್ತಿದಳು. ತಾಯಿಗೆ ದೊಡ್ಡ ತುಂಡನ್ನೇ ಕೊಯ್ದು ಕೊಟ್ಟಳು.

ಮರುದಿನ ಮರಿಗಳು ಬಂದವು. ಅದರ ಮರುದಿನವೂ ಬಂದವು. ಒಂದು ದಿನವೂ ತಪ್ಪಿಸಲಿಲ್ಲ.

ಆದ್ದರಿಂದಲೇ ಇಂದಿಗೂ, ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡಿಗೆ ಕಿವಿಗೊಟ್ಟರೆ ತೊಗಟೆ ಚಿಟ್ ಚಿಟ್ ಎನ್ನುತ್ತದೆ. ಆ ಸದ್ದು ನಿಲ್ಲುವ ತನಕ ಅದಕ್ಕೆ ಯಾರೂ ಚಾಕು ಮುಟ್ಟಿಸಕೂಡದು, ಏಕೆಂದರೆ ಒಳಗಿರುವ ಯಾರೋ ಒಬ್ಬರು ಇನ್ನೂ ಬರ್ತೀನಿ ಎಂದು ಹೇಳಿ ಮುಗಿಸಿರುವುದಿಲ್ಲ.